ಎಂಜಿನ್ನಿನ ಬಿಸಿಯೂ ಗಣಕಯಂತ್ರದ ಕಾವಲೂ

ಕಲಾ ವಿಭಾಗದ ವಿದ್ಯಾರ್ಥಿಗೆ ಎಂಜಿನ್ನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಗೊಟಗೋಡಿಯ ಮಗ್ಗುಲಲ್ಲಿಯೇ ಪುಣೆ-ಬೆಂಗಳೂರು ಹೆದ್ದಾರಿ ಹಾಯ್ದಿದೆ. ನನ್ನ ತಂದೆಯವರು ಬಾಡಿಗೆ ಲಾರಿಯ ಡ್ರೈವರರು. ನಮ್ಮ ಮನೆಗೆ ಪುಸ್ತಕಕ್ಕಿಂತ ಮೊದಲು ಬಂದ ವಿದ್ಯೆಯೆಂದರೆ ರೇಡಿಯೇಟರಿನದು.

ಎಂಜಿನ್ನಿನಲ್ಲಿ ಉರಿದ ಇಂಧನದ ಶಾಖದಲ್ಲಿ ಗಾಡಿಯನ್ನೆಳೆಯುವ ಕೆಲಸಕ್ಕೆ ಒದಗುವುದು ಸುಮಾರು ಮೂರರಲ್ಲೊಂದು ಪಾಲು. ಉಳಿದುದರಲ್ಲಿ ಬಹಳಷ್ಟು ಹೊಗೆಯೊಡನೆ ಹೋಗುತ್ತದೆ. ಇನ್ನಷ್ಟನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೊಪ್ಪಿಸಬೇಕು. ಹಾಗೆಂದು ತಂಪಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ತಣ್ಣಗಿದ್ದಾಗ ಆಯಿಲ್ ಮಂದವಾಗಿ ತಿಕ್ಕಾಟ ಹೆಚ್ಚುತ್ತದೆ, ಇಂಧನವೂ ಸರಿಯಾಗಿ ಉರಿಯದು. ಸುಮಾರು 90 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸೇ ಹಿತವಾದುದು.

ಹಳೆಯ ಗಾಡಿಗಳಲ್ಲಿ ಈ ಹದವನ್ನು ಕಾಯುವುದು ಥರ್ಮೋಸ್ಟಾಟಿನೊಳಗಿನ ತುಸು ಮೇಣ. ಬಿಸಿಗೆ ಅದು ಕರಗಿ, ಉಬ್ಬಿ, ಕವಾಟವನ್ನು ತೆರೆಯುತ್ತದೆ. ಫ್ಯಾನಾದರೋ ಬೆಲ್ಟಿನಿಂದ ಎಂಜಿನ್ನಿಗೇ ಕಟ್ಟುಬಿದ್ದದ್ದು. ನಸುಕಿನ ಚಳಿಯಲ್ಲಿ ಬೇಡವೆಂದರೂ ಬೀಸುತ್ತದೆ. ಭಾರ ಹೊತ್ತು ಏರನ್ನು ಮೆಲ್ಲಗೆ ಹತ್ತುವಾಗ, ಎದುರುಗಾಳಿಯೂ ಇಲ್ಲದ ಹೊತ್ತಿನಲ್ಲಿ, ಸಾಲದೆ ಬೀಳುತ್ತದೆ.

ಹೊಸ ಬಗೆಯಲ್ಲಿ ನೀರಿನ ದಾರಿಯೊಳಗೆ ಒಂದು ಸೆನ್ಸಾರ್ ಇರುತ್ತದೆ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಗಣಕವು ಆ ಇಳಿತವನ್ನು ಓದಿ, ಎಂಜಿನ್ನಿನ ಮೇಲಿನ ಭಾರ, ಗಾಡಿಯ ವೇಗ ಇವುಗಳನ್ನೂ ಕೂಡಿಸಿ ನೋಡಿ, ಫ್ಯಾನನ್ನು ಬೇಕಾದಷ್ಟೇ ತಿರುಗಿಸುತ್ತದೆ. ಕೆಲವು ಗಾಡಿಗಳಲ್ಲಿ ಮೇಣವನ್ನೇ ವಿದ್ಯುತ್ತಿನಿಂದ ಕಾಯಿಸಿ ಕವಾಟವನ್ನು ಮುಂಚಿತವಾಗಿ ತೆರೆಯಿಸುವುದೂ ಉಂಟು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಗೆಯ ಲೆಕ್ಕ ಬಿಗಿಯಾಗಿ, ಲಾರಿಗಳಲ್ಲಿಯೂ ಗಣಕದ ಹಿಡಿತ ಬಲವಾಯಿತು.

ಆದರೆ ಈ ಕಾವಲುಗಾರನಿಗೆ ಕಣ್ಣಿಲ್ಲ, ಸೆನ್ಸಾರ್ ಹೇಳಿದ್ದೇ ನಿಜ. ಅದರ ತಂತಿ ಕಡಿದರೆ ಅನೇಕ ಗಾಡಿಗಳಲ್ಲಿ ಗಣಕವು ಅನುಮಾನಪಟ್ಟು ಫ್ಯಾನನ್ನು ಪೂರ್ಣ ಓಡಿಸುತ್ತದೆ; ಅದು ಜಾಣತನವೇ ಸರಿ. ನೀರೇ ಸೋರಿಹೋದರೆ ಮಾತ್ರ ಕಷ್ಟ. ಸೆನ್ಸಾರ್ ಬರಿಯ ಗಾಳಿಯಲ್ಲುಳಿದು ಕಡಿಮೆ ಬಿಸಿ ತೋರಿಸಬಹುದು, ಅತ್ತ ಹೆಡ್ಡು ಸುಡುತ್ತಿರುತ್ತದೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರಿದ ಲಾರಿ ಹೀಗೆ ನಡುದಾರಿಯಲ್ಲಿ ನಿಂತರೆ ಬಾಡಿಗೆ ಹೋಯಿತು, ಹೆಡ್ಡಿನ ರಿಪೇರಿಗೆ ಸಾಲವೂ ಬಂತು.

ನಮ್ಮ ಕಡೆಯ ಡ್ರೈವರರಲ್ಲಿ ಎರಡು ಹಳೆಯ ರೂಢಿಗಳಿವೆ. ಸಿಕ್ಕ ಬೋರಿನ ನೀರನ್ನು ಸುರಿಯುವುದು ಒಂದು. ಅದರ ಲವಣ ಒಳಗೆ ಕಲ್ಲುಗಟ್ಟುತ್ತದೆ. ಕೂಲಂಟಿನಲ್ಲಿರುವ ತುಕ್ಕುನಿವಾರಕವೂ ತೆಳುವಾಗುತ್ತದೆ. ಬಿಸಿಯಿರುವಾಗಲೇ ಮುಚ್ಚಳ ತೆಗೆಯುವುದು ಇನ್ನೊಂದು. ಒಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ಸಡಿಲಿದೊಡನೆ ಉಕ್ಕಿ ಮೈಮೇಲೆ ಬರುತ್ತದೆ. ತಂದೆಯವರ ಬಲಗೈಯ ಮೇಲಿನ ಕಲೆ ಅಂಥದೇ. ಆದುದರಿಂದ ಮಟ್ಟವನ್ನು ನಸುಕಿನಲ್ಲಿ, ಎಂಜಿನ್ನು ಆರಿರುವಾಗಲೇ, ಪಕ್ಕದ ಡಬ್ಬಿಯ ಎರಡು ಗೆರೆಗಳ ನಡುವೆ ಇದೆಯೇ ಎಂದು ನೋಡಿಕೊಳ್ಳಬೇಕು.