ದಶಮಾಂಶಗಳ ಮೊಟಕು: ಒಂದು ವಿವೇಚನೆ

ಹನಿಹನಿ ಕೂಡಿದರೆ ಹಳ್ಳವೆಂಬುದು ಕನ್ನಡದ ಗಾದೆ. ಈ ಮಾತು ಗಳಿಕೆಗೆ ಸಲ್ಲುವಂತೆ ಸೋರಿಕೆಗೂ ಸಲ್ಲುತ್ತದೆ. ಗಣಕಯಂತ್ರದ ಲೆಕ್ಕಾಚಾರದಲ್ಲಿ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ.

ಕೆನಡಾ ದೇಶದ ವ್ಯಾಂಕೂವರ್ ನಗರದ ಷೇರು ವಿನಿಮಯ ಕೇಂದ್ರವು 1982ರ ಜನವರಿಯಲ್ಲಿ 1000 ಅಂಕಗಳಿಂದ ಒಂದು ಸೂಚ್ಯಂಕವನ್ನು ಆರಂಭಿಸಿತು. ಪ್ರತಿಯೊಂದು ವ್ಯವಹಾರದ ತರುವಾಯವೂ ಯಂತ್ರವು ಸೂಚ್ಯಂಕವನ್ನು ಹೊಸದಾಗಿ ಎಣಿಸಿ, ಮೂರು ದಶಮಾಂಶ ಸ್ಥಾನಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಕತ್ತರಿಸಿಬಿಡುತ್ತಿತ್ತು. ಹಾಗೆ ಕತ್ತರಿಸಿದ ಸಂಖ್ಯೆಯೇ ಮುಂದಿನ ಲೆಕ್ಕಕ್ಕೆ ಆಧಾರವಾಗುತ್ತಿತ್ತು. ಒಂದು ಸಲಕ್ಕೆ ಆಗುವ ನಷ್ಟ ಸರಾಸರಿ 0.0005 ಮಾತ್ರ. ಆದರೆ ದಿನಕ್ಕೆ ಸುಮಾರು 3000 ಸಲ ಹೀಗಾದಾಗ ಒಂದೂವರೆ ಅಂಕವೇ ಸೋರಿಹೋಗುತ್ತದೆ. 1983ರ ನವೆಂಬರ್ ತಿಂಗಳಿನಲ್ಲಿ ಸೂಚ್ಯಂಕವು 524.811 ಎಂದು ತೋರುತ್ತಿದ್ದಿತು. ದೋಷವನ್ನು ತಿದ್ದಿ ಎಣಿಸಿದಾಗ ದೊರೆತ ಬೆಲೆ 1098.892!

ದಶಮಾಂಶಗಳನ್ನು ಕಡಿಮೆ ಮಾಡುವ ಕ್ರಮಗಳು ಮುಖ್ಯವಾಗಿ ಎರಡು. 12.567 ಎಂಬ ಸಂಖ್ಯೆಯನ್ನು ಎರಡು ಸ್ಥಾನಗಳಿಗೆ ಕತ್ತರಿಸಿದರೆ 12.56, ಸಮೀಪದ ಬೆಲೆಗೆ ತಂದರೆ 12.57. ದತ್ತಸಂಚಯದಿಂದ, ಎಂದರೆ ಡೇಟಾಬೇಸಿನಿಂದ, ಮಾಹಿತಿಯನ್ನು ಕೇಳಿ ಪಡೆಯುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಎರಡಕ್ಕೂ ಬೇರೆಬೇರೆ ಆಜ್ಞೆಗಳಿವೆ. ಸಮೀಪದ ಬೆಲೆಗೆ ‘ರೌಂಡ್’ ಎಂಬುದು ಬಳಕೆಯಲ್ಲಿದೆ. ಕತ್ತರಿಸುವುದಕ್ಕೆ ಒರಾಕಲ್‌ನಲ್ಲಿ ‘ಟ್ರಂಕ್’, ಮೈಎಸ್‌ಕ್ಯೂಎಲ್‌ನಲ್ಲಿ ‘ಟ್ರಂಕೇಟ್’ ಎಂಬ ಹೆಸರುಗಳಿವೆ. ‘ಫ್ಲೋರ್’ ಎಂಬ ಮತ್ತೊಂದು ಆಜ್ಞೆಯು ಸಂಖ್ಯೆಯನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. ಧನ ಸಂಖ್ಯೆಗಳಲ್ಲಿ ಇದು ಪೂರ್ಣಾಂಕಕ್ಕೆ ಕತ್ತರಿಸಿದಂತೆಯೇ ತೋರಿದರೂ ಋಣ ಸಂಖ್ಯೆಗಳಲ್ಲಿ ಭೇದವು ಸ್ಪಷ್ಟವಾಗುತ್ತದೆ: -12.567ನ್ನು ಕತ್ತರಿಸಿದರೆ -12, ಫ್ಲೋರ್ ಮಾಡಿದರೆ -13.

ಯಾವ ಆಜ್ಞೆ ಎಂಬುದರಷ್ಟೇ ಮುಖ್ಯವಾದುದು ಅದನ್ನು ಯಾವ ಹಂತದಲ್ಲಿ ಬಳಸಬೇಕೆಂಬುದು. ಹತ್ತು ರೂಪಾಯಿಗಳನ್ನು ಮೂರು ಸಮಪಾಲು ಮಾಡಿದರೆ ಒಂದೊಂದು ಪಾಲು 3.333… ಆಗುತ್ತದೆ. ಪ್ರತಿ ಪಾಲನ್ನೂ ಮೊದಲೇ ಎರಡು ಸ್ಥಾನಗಳಿಗೆ ಇಳಿಸಿ ಕೂಡಿದರೆ ಮೊತ್ತವು 9.99 ಆಗಿ ಒಂದು ಪೈಸೆ ಕಾಣೆಯಾಗುತ್ತದೆ. ಇಲ್ಲಿ ಕತ್ತರಿಸಿದರೂ ಅಷ್ಟೇ, ಸಮೀಪದ ಬೆಲೆಗೆ ತಂದರೂ ಅಷ್ಟೇ. ಆದುದರಿಂದ ಸಂಗ್ರಹದಲ್ಲಿ ಸಂಖ್ಯೆಯನ್ನು ಸಾಧ್ಯವಿದ್ದಷ್ಟು ನಿಖರವಾಗಿಯೇ ಇರಿಸಿ, ಕೂಡುವ, ಗುಣಿಸುವ, ಸರಾಸರಿ ತೆಗೆಯುವ ಕಾರ್ಯಗಳೆಲ್ಲ ಮುಗಿದ ಬಳಿಕ, ಓದುಗನಿಗೆ ತೋರಿಸುವ ಕಡೆಯ ಹಂತದಲ್ಲಿ ಮಾತ್ರ ಮೊಟಕುಗೊಳಿಸುವುದು ಯುಕ್ತ.

ವ್ಯಾಂಕೂವರಿನ ಯಂತ್ರವು ಲೆಕ್ಕದಲ್ಲಿ ತಪ್ಪಲಿಲ್ಲ. ತನಗೆ ವಿಧಿಸಿದ ಆಜ್ಞೆಯನ್ನೇ ಪಾಲಿಸಿತು. ಅಲ್ಪವೆಂದು ಬಿಟ್ಟುದು ಎಷ್ಟು ಸಲ ಬಿಟ್ಟುಹೋಗುವುದೆಂಬ ವಿಚಾರವನ್ನು ಮಾತ್ರ ಆಜ್ಞೆಯಿತ್ತವರು ಮಾಡಿರಲಿಲ್ಲ. ಗಣಿತವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಈ ಎಚ್ಚರವನ್ನು ಮೊದಲಿನಿಂದಲೇ ರೂಢಿಸಿಕೊಳ್ಳುವುದು ಲೇಸು.