ಬೈಕಿನ ಬೆಲೆ ಒಂದು, ಸಾಕುವ ಬೆಲೆ ಇನ್ನೊಂದು



ಮಗ ಡಿಗ್ರಿಗೆ ಸೇರುವ ಹೊತ್ತಿಗೆ, ಇಲ್ಲವೆ ಮೊದಲ ಕೆಲಸ ಸಿಕ್ಕಿದ ತಿಂಗಳಲ್ಲಿ, ನಮ್ಮ ಮನೆಗಳಲ್ಲಿ ಬೈಕಿನ ಮಾತು ಎದ್ದೇ ಏಳುತ್ತದೆ. ಹಿಂದೆ ಆ ಮಾತು ಸ್ಪ್ಲೆಂಡರ್‌ವರೆಗೆ ಬಂದು ನಿಲ್ಲುತ್ತಿತ್ತು. ಈಗ ಚಳ್ಳಕೆರೆಯ ಹುಡುಗನೂ ಮೊಳಕಾಲ್ಮೂರಿನ ಹುಡುಗನೂ ಕೇಳುವುದು ಕೆಟಿಎಂ ಡ್ಯೂಕ್‌ನಂಥ ವೇಗದ ಗಾಡಿಯನ್ನು. ಕೇಳುವುದು ತಪ್ಪಲ್ಲ. ಆ ವಯಸ್ಸಿಗೆ ಆ ಆಸೆ ಸಹಜ. ಆದರೆ ಹೆತ್ತವರಾದ ನೀವು ಹೂಂ ಅನ್ನುವ ಮೊದಲು ಒಂದು ಲೆಕ್ಕವನ್ನು ಮಗನನ್ನೂ ಕೂರಿಸಿಕೊಂಡು ಮಾಡಬೇಕು. ಅದು ಸರ್ವಿಸಿನ ಲೆಕ್ಕ.

ಬಹಳಷ್ಟು ಮನೆಗಳಲ್ಲಿ ಮುಂಗಡ ಎಷ್ಟು, ತಿಂಗಳ ಕಂತು ಎಷ್ಟು, ಪೆಟ್ರೋಲ್ ಎಷ್ಟು ಎಂದು ಮೂರು ಬಾಬತ್ತು ನೋಡುತ್ತಾರೆ. ನಾಲ್ಕನೆಯದನ್ನು ಯಾರೂ ನೋಡುವುದಿಲ್ಲ. ಮೊದಲ ಕೆಲವು ಸರ್ವಿಸ್ ಫ್ರೀ ಎಂದು ಅಂಗಡಿಯವರು ಹೇಳಿರುತ್ತಾರಲ್ಲ! ಫ್ರೀ ಎಂದರೆ ಕೂಲಿ ಮಾತ್ರ ಫ್ರೀ. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಮುಂತಾದವಕ್ಕೆ ಮೊದಲ ದಿನದಿಂದಲೇ ಹಣ ಕೊಡಬೇಕು. ಕೂಪನ್ನುಗಳು ಮುಗಿದ ಮೇಲೆ ಕೂಲಿಯೂ ಸೇರುತ್ತದೆ, ಕೂಲಿಯ ಮೇಲೆ ಶೇ. 18ರ ಜಿಎಸ್‌ಟಿಯೂ ಸೇರುತ್ತದೆ.

ಎರಡು ಬಗೆಯ ಗಾಡಿಗಳಿಗೆ ಇರುವ ವ್ಯತ್ಯಾಸ ನೋಡಿ. 1994ರಲ್ಲಿ ಬಂದ ಸ್ಪ್ಲೆಂಡರ್ 97 ಸಿಸಿ ಚಿಲ್ಲರೆಯ ಗಾಡಿ, ಶಕ್ತಿ ಎಂಟು ಅಶ್ವಶಕ್ತಿಯ ಆಸುಪಾಸು. 2013ರಲ್ಲಿ ನಮ್ಮ ದೇಶಕ್ಕೆ ಬಂದಾಗ 390 ಡ್ಯೂಕ್ 373 ಸಿಸಿ ಇತ್ತು, ಶಕ್ತಿ ನಲವತ್ತಕ್ಕೂ ಮೇಲೆ. ಐದು ಪಟ್ಟು ಶಕ್ತಿ ಐದು ಪಟ್ಟು ಸುಲಭವಾಗಿ ಬರುವುದಿಲ್ಲ. ಅದರ ಇಂಜಿನ್ ಹೆಚ್ಚು ಕಾಯುತ್ತದೆ, ಆದ್ದರಿಂದ ಗಾಳಿಯ ಜೊತೆಗೆ ನೀರಿನಿಂದಲೂ ತಣಿಸಬೇಕು. ರೇಡಿಯೇಟರ್, ಕೂಲೆಂಟ್ ಎಂಬ ಹೊಸ ಖರ್ಚು ಅಲ್ಲಿಂದ ಹುಟ್ಟಿತು. ಆಯಿಲ್ ಹೆಚ್ಚು ಬೇಕು, ಅದೂ ಬೆಲೆಬಾಳುವ ಸಿಂಥೆಟಿಕ್ ಆಯಿಲ್. ಬೈಕಿನಲ್ಲಿ ಇಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲ್ ಎಂಬುದನ್ನು ಮರೆಯಬೇಡಿ. ಉಳಿತಾಯವೆಂದು ಕಾರಿನ ಆಯಿಲ್ ಹಾಕಿಸಿದರೆ ಕ್ಲಚ್ ಜಾರತೊಡಗುತ್ತದೆ. ಸ್ಪ್ಲೆಂಡರಿನ ಟ್ಯಾಪೆಟ್ ಸದ್ದು ಮಾಡಿದರೆ ಬಸ್ ಸ್ಟ್ಯಾಂಡ್ ಪಕ್ಕದ ಮೆಕ್ಯಾನಿಕ್ ಸ್ಪಾನರ್ ಹಿಡಿದು ಸ್ವಲ್ಪ ಹೊತ್ತಿನಲ್ಲಿ ಸರಿಮಾಡುತ್ತಾನೆ. ಡ್ಯೂಕ್‌ನಂಥ ಗಾಡಿಯಲ್ಲಿ ಅದೇ ಕೆಲಸಕ್ಕೆ ಟ್ಯಾಂಕ್ ಇಳಿಸಿ, ಇಂಜಿನ್ ತಲೆ ತೆರೆದು, ಶಿಮ್ ಎಂಬ ಸಣ್ಣ ಬಿಲ್ಲೆಗಳನ್ನು ಅಳೆದು ಬದಲಿಸಬೇಕು. ಬಿಲ್ಲೆಯ ಬೆಲೆ ಹೆಚ್ಚಲ್ಲ, ಅದನ್ನು ಮುಟ್ಟಲು ಹಿಡಿಯುವ ಗಂಟೆಗಳದ್ದೇ ಬೆಲೆ.

ಇನ್ನು ನಮ್ಮ ಸೀಮೆಯ ಧೂಳು. ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳು ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳ ಸಾಲಿನಲ್ಲಿವೆ. ಬೇಸಿಗೆಯಲ್ಲಿ ಒಂದು ಲಾರಿ ಮುಂದೆ ಹೋದರೆ ಹಿಂದಿನವನಿಗೆ ದಾರಿ ಕಾಣದು. ಆ ಧೂಳೆಲ್ಲ ಏರ್ ಫಿಲ್ಟರಿಗೆ, ಚೈನಿಗೆ, ಬ್ರೇಕಿಗೆ ಹೋಗುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರು ಒಳ್ಳೆಯ ರಸ್ತೆಗೆ ಬರೆದದ್ದು. ಧೂಳಿನ ಜಾಗದಲ್ಲಿ ಇನ್ನೂ ಬೇಗ ನೋಡಿಸಿ ಎಂದು ಅದೇ ಪುಸ್ತಕ ಹೇಳುತ್ತದೆ. ಕಾಗದದ ಏರ್ ಫಿಲ್ಟರನ್ನು ನೀರಿನಲ್ಲಿ ತೊಳೆದು ಮತ್ತೆ ಹಾಕುವುದು ಬೇಡ. ಚೈನನ್ನು ಐದಾರು ನೂರು ಕಿ.ಮೀ.ಗೊಮ್ಮೆ ಒರೆಸಿ ಎಣ್ಣೆ ಹಾಕಬೇಕು. ಹಳೆಯ ಇಂಜಿನ್ ಆಯಿಲನ್ನೇ ಸುರಿಯುವ ಅಭ್ಯಾಸ ಹಲವರಿಗಿದೆ. ಅದು ಧೂಳನ್ನು ಅಂಟಿಸಿಕೊಂಡು ಅರದ ಹಾಗೆ ಚೈನನ್ನು ತಿನ್ನುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮೊಳಕಾಲ್ಮೂರಿನ ಹುಡುಗ ಚಳ್ಳಕೆರೆಯ ಕಾಲೇಜಿಗೆ ದಿನವೂ ಬೈಕಿನಲ್ಲಿ ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಹೋಗಿ ಬರಲು 90 ಕಿ.ಮೀ. ಎಂದು ಹಿಡಿಯೋಣ. ತಿಂಗಳಿಗೆ 25 ದಿನವಾದರೆ 2,250, ಹತ್ತು ತಿಂಗಳಿಗೆ 22,500 ಕಿ.ಮೀ. ಮುಂದಿನ ದರಗಳು ಲೆಕ್ಕ ಕಲಿಯಲು ಇಟ್ಟುಕೊಂಡವು. ನಿಮ್ಮ ಗಾಡಿಯ ದರವನ್ನು ಅಂಗಡಿಯಲ್ಲಿ ಕೇಳಿ ಇದೇ ಜಾಗದಲ್ಲಿ ತುಂಬಿಕೊಳ್ಳಿ. 7,500 ಕಿ.ಮೀ.ಗೊಂದು ಸರ್ವಿಸ್, ಒಂದಕ್ಕೆ 5,000 ರೂ. ಎಂದರೆ ಮೂರಕ್ಕೆ 15,000. ಹಿಂದಿನ ಟೈರಿಗೆ 6,000 ರೂ., ಅದು 15,000 ಕಿ.ಮೀ. ಓಡಿದರೆ ಕಿ.ಮೀ.ಗೆ 40 ಪೈಸೆ, ಅಂದರೆ 9,000 ರೂ. ಚೈನ್ ಸೆಟ್ಟಿಗೆ 5,000, ಆಯುಸ್ಸು 25,000 ಕಿ.ಮೀ. ಎಂದರೆ 20 ಪೈಸೆಯಂತೆ 4,500. ಬ್ರೇಕ್ ಪ್ಯಾಡುಗಳಿಗೆ 10 ಪೈಸೆ ಹಿಡಿದರೆ 2,250. ಒಟ್ಟು 30,750 ರೂ. ಮುಂದಿನ ಟೈರು, ಬ್ಯಾಟರಿ ಇದರಲ್ಲಿ ಸೇರಿಲ್ಲ, ಬಿದ್ದು ಮುರಿದದ್ದಂತೂ ಸೇರಿಲ್ಲ. ತಿಂಗಳಿಗೆ ಮೂರು ಸಾವಿರಕ್ಕೂ ಸ್ವಲ್ಪ ಹೆಚ್ಚೇ ಆಯಿತು. ಪೆಟ್ರೋಲ್ ಲೀಟರಿಗೆ ದುಂಡಾಗಿ 100 ರೂ. ಹಿಡಿದು, ಲೀಟರಿಗೆ 30 ಕಿ.ಮೀ. ಕೊಟ್ಟರೆ ಅದು 7,500. ಅರವತ್ತು ಕೊಡುವ ಚಿಕ್ಕ ಗಾಡಿಗೆ ಅದರ ಅರ್ಧ ಸಾಕು. ಕಂತು ಬಿಟ್ಟು, ಓಡಿಸುವುದಕ್ಕೇ ತಿಂಗಳಿಗೆ ಹತ್ತು ಸಾವಿರ ಮೀರಿತು. ವಿದ್ಯಾರ್ಥಿ ಪಾಸಿನ ಬಸ್ಸು ಅದೇ ರಸ್ತೆಯಲ್ಲಿ ಓಡುತ್ತದೆ ಎಂದು ಇಲ್ಲಿ ಹೇಳಿದರೆ ಮಗ ಮುಖ ಸಿಂಡರಿಸಿಯಾನು, ಆದರೂ ಹೇಳಬೇಕಾದ ಮಾತು.

ಸರ್ವಿಸ್ ಎಲ್ಲಿ ಎಂಬುದೂ ಒಂದು ಖರ್ಚೇ. ನೀವು ಕೊಳ್ಳುವ ಕಂಪನಿಯ ಸರ್ವಿಸ್ ಕೇಂದ್ರ ಚಿತ್ರದುರ್ಗದಲ್ಲೋ ಬಳ್ಳಾರಿಯಲ್ಲೋ ಇದ್ದರೆ, ಚಳ್ಳಕೆರೆಯವರಿಗೆ ಚಿತ್ರದುರ್ಗ ಮೂವತ್ತು ಕಿ.ಮೀ. ಚಿಲ್ಲರೆ. ಮೊಳಕಾಲ್ಮೂರಿನವರಿಗೆ ಯಾವ ಕಡೆ ಹೋದರೂ ಒಂದು ದಿನ ಹೋಯಿತು. ಬಿಡಿಭಾಗ ಬಂದಿಲ್ಲವೆಂದರೆ ಇನ್ನೊಂದು ದಿನ. ದಿನಗೂಲಿಯವನ ಮನೆಯಲ್ಲಿ ಆ ದಿನದ ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ.

ಇದು ಹೊಸ ಪಾಠವೇನೂ ಅಲ್ಲ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದವರ ಪರವಾನಗಿಯಲ್ಲಿ ರಾಜದೂತ್ 350 ಎಂಬ ಎರಡು ಸಿಲಿಂಡರಿನ ಗಾಡಿಯನ್ನು ತಂದಿತು. ಆ ಕಾಲದ ರಸ್ತೆಯಲ್ಲಿ ಅದನ್ನು ಹಿಂದೆ ಹಾಕುವ ಬೈಕೇ ಇರಲಿಲ್ಲ. ಆದರೆ ಪೆಟ್ರೋಲ್ ಕುಡಿಯುತ್ತಿತ್ತು, ಬಿಡಿಭಾಗ ದುಬಾರಿ, ರಿಪೇರಿ ಬಲ್ಲವರು ವಿರಳ. ಆ ದಶಕ ಮುಗಿಯುವ ಹೊತ್ತಿಗೆ ಅದರ ತಯಾರಿಕೆಯ ಕಾಲವೂ ಮುಗಿಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗೆ ಅಷ್ಟು ವೇಗವಿರಲಿಲ್ಲ. ಆದರೂ 1961ರಿಂದ 1996ರವರೆಗೆ ಆ ಕಾರ್ಖಾನೆಯ ಗಾಡಿಗಳು ಹಳ್ಳಿಹಳ್ಳಿಗೆ ಹೋದವು. ಸಾಧಾರಣ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸಬಲ್ಲ ಗಾಡಿಯಾಗಿತ್ತು ಅದು. ಇಂದು ರಾಜದೂತ್ 350 ಇಟ್ಟುಕೊಂಡವರು ಬಹುಪಾಲು ಹಣವುಳ್ಳ ಅಭಿಮಾನಿಗಳು, ಅಷ್ಟೆ.

ಸರ್ವಿಸಿಗೆ ಹಣ ಸಾಲದಿದ್ದಾಗ ಏನಾಗುತ್ತದೆ? ಯಾರೂ ಬೈಕನ್ನು ನಿಲ್ಲಿಸುವುದಿಲ್ಲ. ಸರ್ವಿಸನ್ನು ಮುಂದಕ್ಕೆ ಹಾಕುತ್ತಾರೆ. ಕಂತು ತಪ್ಪಿದರೆ ಫೈನಾನ್ಸಿನವರು ಮನೆಗೆ ಬರುತ್ತಾರೆ. ಬ್ರೇಕ್ ಪ್ಯಾಡ್ ಸವೆದರೆ ಯಾರೂ ಬಂದು ಕೇಳುವುದಿಲ್ಲ. ಸವೆದ ಪ್ಯಾಡು ಮೊದಲು ಡಿಸ್ಕನ್ನು ಗೀರುತ್ತದೆ, ಸಾವಿರದ ಕೆಲಸ ಹಲವು ಸಾವಿರಕ್ಕೆ ಹೋಗುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರುತ್ತದೆ, ಆದ್ದರಿಂದ ಗಾಡಿ ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇಲ್ಲವಾದರೆ ಕಾದ ಬ್ರೇಕು ಹಿಡಿಯಬೇಕಾದ ಕ್ಷಣದಲ್ಲೇ ಮೆತ್ತಗಾಗುತ್ತದೆ. ನಲವತ್ತು ಅಶ್ವಶಕ್ತಿಯ ಗಾಡಿ, ಬೋಳು ಟೈರು, ಹಿಡಿಯದ ಬ್ರೇಕು, ಮೇಲೆ ಕುಳಿತವನಿಗೆ ಇಪ್ಪತ್ತು ವರ್ಷ. ಬಳ್ಳಾರಿ ರಸ್ತೆಯಲ್ಲಿ ಎದುರಿಗೆ ಅದಿರಿನ ಲಾರಿ. ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟಹೊರಟವನ ಸಾಮತಿ ಇದೆ. ಅಲ್ಲಿ ಲೆಕ್ಕ ತಪ್ಪಿದವನಿಗೆ ಆದದ್ದು ಜನರ ನಗೆ. ಇಲ್ಲಿ ಆಗಬಹುದಾದದ್ದು ಅಷ್ಟಕ್ಕೇ ನಿಲ್ಲುವುದಿಲ್ಲ.

ಯಂತ್ರ ಸಾಕುವುದನ್ನು ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಮೊಳಕಾಲ್ಮೂರಿನ ರೇಷ್ಮೆ ನೇಕಾರರು ಮಗ್ಗವನ್ನು ಕೆಡುವ ಮೊದಲೇ ನೋಡಿಕೊಳ್ಳುತ್ತಾರೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಶೇಂಗಾ ಸುಗ್ಗಿಗೆ ಮೊದಲೇ ಯಂತ್ರ ಬಿಚ್ಚಿಸುತ್ತಾರೆ. ಮನೆಯ ಬೈಕಿನ ವಿಷಯದಲ್ಲಿ ಮಾತ್ರ ಏಕೋ ಆ ಬುದ್ಧಿ ನಿದ್ದೆ ಹೋಗುತ್ತದೆ. ಕಂತಿನ ಜೊತೆಗೆ ಪ್ರತಿ ತಿಂಗಳೂ ಸರ್ವಿಸಿನ ಹಣವನ್ನು ಅಂಚೆ ಕಚೇರಿಯ ಆರ್‌ಡಿಗೋ ಬ್ಯಾಂಕಿಗೋ ಬೇರೆಯಾಗಿ ಕಟ್ಟುವುದು ಸಾಧ್ಯವೇ ಎಂದು ನೋಡಿ. ಕೊಳ್ಳುವ ಮೊದಲೇ ಮೂರು ತಿಂಗಳು ಹಾಗೆ ಕಟ್ಟಿಸಿ, ಮಗನ ಕೈಯಿಂದಲೇ. ಕಟ್ಟಲಾಗದಿದ್ದರೆ ಉತ್ತರ ಅವನಿಗೇ ತಿಳಿಯುತ್ತದೆ, ನೀವು ಬೇಡ ಅನ್ನಬೇಕಾಗಿಲ್ಲ. ಆ ಹಣ ತಂಗಿಯ ಫೀಸಿನಿಂದಲೋ ಅಜ್ಜಿಯ ಮಾತ್ರೆಯಿಂದಲೋ ಬರುತ್ತಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ಬೆಂಗಳೂರಿನಲ್ಲಿ ಐದು ವರ್ಷ ಓಡಿದ ಗಾಡಿ ಅರ್ಧ ಬೆಲೆಗೆ ಸಿಕ್ಕಿತೆಂದು ಸಂತೋಷಪಡುತ್ತೀರಿ. ಬೈಕಿನ ಬೆಲೆ ಅರ್ಧವಾಗುತ್ತದೆ, ಅದರ ಟೈರಿನ ಬೆಲೆ ಅರ್ಧವಾಗುವುದಿಲ್ಲ, ಆಯಿಲಿನದೂ ಇಲ್ಲ. ಹಳೆಯದಾದಷ್ಟು ಬಿಡಿಭಾಗ ಹೆಚ್ಚು ಬೇಕು. ವಿಮೆಯೂ ಹಾಗೆಯೇ: 2022ರಲ್ಲಿ ಸರಕಾರ ಗೊತ್ತುಮಾಡಿದ ಥರ್ಡ್ ಪಾರ್ಟಿ ದರ 150 ಸಿಸಿವರೆಗಿನ ಸಾಮಾನ್ಯ ಬೈಕಿಗೆ ವರ್ಷಕ್ಕೆ 714 ರೂ., 350 ಸಿಸಿ ಮೀರಿದ್ದಕ್ಕೆ 2,804. ಆದ್ದರಿಂದ ಸರ್ವಿಸ್ ಪುಸ್ತಕ, ಹಳೆಯ ಬಿಲ್ಲುಗಳನ್ನು ಕೇಳಿ ನೋಡಿ. ಮಾರುವವರು ಪುಸ್ತಕ ಕಳೆದುಹೋಗಿದೆ ಎಂದರೆ ಗಾಡಿಯ ನಂಬರನ್ನು ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಕೊಟ್ಟು ವಿಚಾರಿಸಿ. ಮುಂದಿನ ದೊಡ್ಡ ಸರ್ವಿಸ್ ಎಷ್ಟು ಕಿ.ಮೀ.ಗೆ, ಅದರಲ್ಲಿ ಏನೇನು ಬದಲಿಸುತ್ತಾರೆ, ಕೂಲಿ ಸೇರಿ ಎಷ್ಟಾಗುತ್ತದೆ ಎಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಆ ಚೀಟಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.