ಪದವಿ ಬಿಟ್ಟ ಮೇಲಿನ ಕೆಲಸ

ತಮ್ಮಾ, ಸೆಮಿನರಿಯ ಓದು ಮುಗಿಯುವ ಮೊದಲೇ ಯಾರಿಗೆ ಯಾವ ಸಭೆ ಸಿಗುತ್ತದೆ, ಯಾರು ಯಾವ ಹುದ್ದೆಗೆ ಏರುತ್ತಾರೆ ಎಂಬ ಮಾತೇ ನಿಮ್ಮ ಗೆಳೆಯರ ನಡುವೆ ಹೆಚ್ಚಾಗಿದೆ ಎಂದು ಕೇಳುತ್ತೇನೆ. ನಿನಗೆ ಅಮೆರಿಕಕ್ಕೆ ಹೋಗಿ ಓದುವ ಆಸೆಯೂ ಇದೆ. ಹೋಗು, ನನಗೆ ಸಂತೋಷವೇ. ಹೊರಡುವ ಮುಂಚೆ ಒಬ್ಬ ಬಿಷಪ್ಪರ ಬದುಕನ್ನು ನಿನಗೆ ಹೇಳಬೇಕು. ಅವರ ಹೆಸರು ಸ್ಯಾಮ್ಯುಯೆಲ್ ಐಸಾಕ್ ಜೋಸೆಫ್ ಶೆರೆಶೆವ್ಸ್ಕಿ. ನಾಲಗೆ ಸುಲಭಕ್ಕೆ ಹೊರಳುವುದಿಲ್ಲ, ಆದರೂ ನೆನಪಿಟ್ಟುಕೋ.

1831ರಲ್ಲಿ ಲಿಥುವೇನಿಯಾದ ಟೌರೊಗ್ಗೆನ್ ಎಂಬ ಊರಿನ ಯೆಹೂದಿ ಮನೆಯಲ್ಲಿ ಅವರು ಹುಟ್ಟಿದರು. ಆ ನಾಡು ಆಗ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಮಲಸಹೋದರನ ಆಸರೆಯಲ್ಲಿ ಬೆಳೆದರು. ಹುಡುಗ ರಬ್ಬಿಯಾಗಲಿ ಎಂದು ಮನೆಯವರು ಓದಿಸಿದರು. ಝಿಟೊಮಿರ್ ಊರಿನ ರಬ್ಬಿ ವಿದ್ಯಾಲಯದಲ್ಲಿ ಓದುತ್ತಿದ್ದಾಗ ಹೀಬ್ರೂ ಭಾಷೆಯ ಹೊಸ ಒಡಂಬಡಿಕೆಯೊಂದು ಕೈಗೆ ಬಂತು. ಅದನ್ನು ಓದಿದ ಮೇಲೆ ಅವರ ಮನಸ್ಸು ಮತ್ತೆ ಮೊದಲಿನ ಜಾಗಕ್ಕೆ ಬರಲಿಲ್ಲ. ಮುಂದೆ ಬ್ರೆಸ್ಲೌನಲ್ಲಿ ಎರಡು ವರ್ಷ ಕಲಿತು, 1854ರಲ್ಲಿ ಹಡಗು ಹತ್ತಿ ಅಮೆರಿಕ ಸೇರಿದರು. ದೀಕ್ಷಾಸ್ನಾನ ಆದದ್ದು ಅಲ್ಲಿ. ಮೊದಲು ಬ್ಯಾಪ್ಟಿಸ್ಟರ ಜೊತೆ ಇದ್ದರು, ಆಮೇಲೆ ಪಿಟ್ಸ್‌ಬರ್ಗ್ ಹತ್ತಿರದ ಪ್ರೆಸ್ಬಿಟೇರಿಯನ್ ಸೆಮಿನರಿ, ಕೊನೆಗೆ ಎಪಿಸ್ಕೋಪಲ್ ಸಭೆ ಮತ್ತು ನ್ಯೂಯಾರ್ಕಿನ ಜನರಲ್ ಸೆಮಿನರಿ. ಇದನ್ನು ಚಂಚಲತೆ ಎನ್ನುವವರು ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮನೆಮಠ, ಬಂಧುಬಳಗ ಎಲ್ಲವನ್ನೂ ಬಿಟ್ಟು ಬಂದವನು ನೆಲೆ ಹುಡುಕುವುದಕ್ಕೆ ಒಂದಿಷ್ಟು ಕಾಲ ಹಿಡಿದರೆ ಅದರಲ್ಲಿ ತಪ್ಪೇನಿದೆ?

ಎಪಿಸ್ಕೋಪಲ್ ಸಭೆ ಎಂದರೆ ಆಂಗ್ಲಿಕನ್ ಪರಂಪರೆಯ ಅಮೆರಿಕದ ಸಭೆ. 1947ರಲ್ಲಿ ದಕ್ಷಿಣ ಭಾರತ ಸಭೆ ಆದಾಗ ನಮಗೆ ಬಿಷಪ್ ಪದವಿ ಬಂದದ್ದೂ ಆ ಪರಂಪರೆಯಿಂದಲೇ. ಹಾಗಾಗಿ ಇವರ ಕಥೆ ನಮಗೆ ತೀರ ಹೊರಗಿನದಲ್ಲ.

ನೆಲೆ ಸಿಕ್ಕಿದ ಅಮೆರಿಕದಲ್ಲೇ ಅವರು ಉಳಿಯಬಹುದಿತ್ತು. ಚೀನಾದಲ್ಲಿ ಸೇವೆಗೆ ಜನ ಬೇಕು ಎಂದು ಅಲ್ಲಿನ ಎಪಿಸ್ಕೋಪಲ್ ಮಿಷನ್ನಿನ ಬಿಷಪ್ ಬೂನ್ ಕೇಳಿದಾಗ ತಾನು ಬರುತ್ತೇನೆ ಎಂದರು. 1859ರಲ್ಲಿ ಮತ್ತೆ ಹಡಗು. ತಿಂಗಳುಗಟ್ಟಲೆಯ ಪಯಣದಲ್ಲೇ ಚೀನೀ ಕಲಿಯಲು ಕೂತರು, ವರ್ಷದ ಕೊನೆಗೆ ಶಾಂಘೈ ಮುಟ್ಟಿದರು. ಒಂದು ಮಾತು ಮರೆಯಬಾರದು: ಆ ಕಾಲದಲ್ಲಿ ಚೀನಾದ ಬಾಗಿಲು ತೆರೆದದ್ದು ಅಫೀಮಿನ ಯುದ್ಧಗಳು ಮತ್ತು ಬಲವಂತದ ಒಪ್ಪಂದಗಳು. ಫಿರಂಗಿಗಳು ತೆರೆದ ದಾರಿಯಲ್ಲೇ ಮಿಷನರಿಗಳೂ ಒಳಗೆ ಹೋದರು. ಅದನ್ನು ಮುಚ್ಚಿಟ್ಟು ಮಿಷನರಿಗಳ ಗುಣಗಾನ ಮಾಡುವುದು ಸಲ್ಲದು. ಹಾಗೆ ಹೋದವರು ಆ ಜನರ ನುಡಿಗೆ ಎಷ್ಟು ತಲೆಬಾಗಿದರು ಎಂದು ಕೇಳಬೇಕು. ಶೆರೆಶೆವ್ಸ್ಕಿ ಪೂರ್ತಿ ತಲೆಬಾಗಿದರು.

1862ರಲ್ಲಿ ಪೀಕಿಂಗ್‌ಗೆ ಹೋದರು. ಬೇರೆ ಬೇರೆ ಸಭೆಗಳ ಐವರು ಅಲ್ಲಿ ಒಂದು ಭಾಷಾಂತರ ಸಮಿತಿ ಮಾಡಿಕೊಂಡರು, ಇವರು ಅವರಲ್ಲೊಬ್ಬರು. ಜನ ಆಡುವ ಮ್ಯಾಂಡರಿನ್‌ನಲ್ಲಿ ಹೊಸ ಒಡಂಬಡಿಕೆ 1872ರಲ್ಲಿ ಹೊರಬಂತು. ಹಳೇ ಒಡಂಬಡಿಕೆಯನ್ನು ಮಾತ್ರ ಇವರೊಬ್ಬರ ಹೆಗಲಿಗೇ ಬಿಟ್ಟರು. ಯಾಕೆ ಗೊತ್ತೇ? ಉಳಿದವರು ದೊಡ್ಡವರಾದ ಮೇಲೆ ಕಾಲೇಜಿನಲ್ಲಿ ಹೀಬ್ರೂ ಕಲಿತವರು. ಇವರಿಗೆ ಅದು ಬಾಲ್ಯದ ಪಾಠ. ಕೀರ್ತನೆಗಳೂ ಪ್ರವಾದಿಗಳ ಮಾತೂ ಮೂಲದಲ್ಲೇ ಕಿವಿಗೆ ಬಿದ್ದು ಬೆಳೆದದ್ದು. ಧರ್ಮ ಬದಲಾಯಿತು, ದೇಶ ಬದಲಾಯಿತು, ಆದರೆ ರಬ್ಬಿಗಳು ಕಲಿಸಿದ್ದನ್ನು ಅವರು ಎಸೆಯಲಿಲ್ಲ. ಯಾವ ಮನೆಯನ್ನು ಬಿಟ್ಟು ಬಂದರೋ ಅದೇ ಮನೆಯ ವಿದ್ಯೆ ಪೀಕಿಂಗ್‌ನಲ್ಲಿ ಕೈಹಿಡಿಯಿತು.

ಹೊರದೇಶಕ್ಕೆ ಹೋದವರಲ್ಲಿ ನಾನು ಕಂಡ ಒಂದು ಕೆಟ್ಟ ಆತುರವಿದೆ: ಹೊಸಬರ ಹಾಗೆ ಕಾಣಬಾರದೆಂದು ಮೊದಲ ವರ್ಷದಲ್ಲೇ ತಮ್ಮದನ್ನೆಲ್ಲ ಕಳಚಿಡುವುದು. ನೀನು ಹಾಗೆ ಮಾಡಬೇಡ. ನಿನ್ನ ಕನ್ನಡ, ನಿನ್ನ ಅಜ್ಜಿ ರಾತ್ರಿ ಪ್ರಾರ್ಥನೆಯಲ್ಲಿ ಹಾಡುತ್ತಿದ್ದ ರಾಗ, ಹಳ್ಳಿಯ ಸಭೆಗಳಲ್ಲಿ ನೀನು ಕಂಡ ಕಷ್ಟಸುಖ, ಇವು ಯಾವಾಗ ಎಲ್ಲಿ ಬೇಕಾಗುತ್ತವೆ ಎಂದು ಈಗಲೇ ಯಾರೂ ಹೇಳಲಾರರು.

ಇನ್ನು ಪದವಿಯ ವಿಷಯ. ಶಾಂಘೈಗೆ ಬಿಷಪ್ ಆಗಿ ಮೊದಲ ಸಲ ಆರಿಸಿದಾಗ ಅವರು ಒಲ್ಲೆ ಎಂದರು. ಮತ್ತೆ ಆರಿಸಿದ ಮೇಲೆ ಒಪ್ಪಿದರು. 1877ರ ಅಕ್ಟೋಬರ್ 31ರಂದು ನ್ಯೂಯಾರ್ಕಿನ ಗ್ರೇಸ್ ಚರ್ಚಿನಲ್ಲಿ ಪ್ರತಿಷ್ಠೆ ನಡೆಯಿತು. ಒಪ್ಪಿದ ಮೇಲೆ ಸುಮ್ಮನೆ ಕೂರಲಿಲ್ಲ. 1879ರಲ್ಲಿ ಶಾಂಘೈನಲ್ಲಿ ಸೇಂಟ್ ಜಾನ್ಸ್ ಕಾಲೇಜು ಕಟ್ಟಿದರು. ಮುಂದೆ ಅದು ವಿಶ್ವವಿದ್ಯಾಲಯವಾಗಿ ಬೆಳೆಯಿತು, ಲೇಖಕ ಲಿನ್ ಯುಟಾಂಗ್ ಓದಿದ್ದು ಅಲ್ಲೇ.

1881ರ ಬೇಸಿಗೆಯಲ್ಲಿ ಯಾಂಗ್ಟ್ಸೆ ದಡದ ವುಚಾಂಗ್‌ನಲ್ಲಿದ್ದಾಗ ಬಿಸಿಲಿನ ಆಘಾತ ಬಡಿಯಿತು. ಜೀವ ಉಳಿಯಿತು, ಕೈಕಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು. ಆಗ ಅವರಿಗೆ ಐವತ್ತು ವರ್ಷ. ಚಿಕಿತ್ಸೆಗೆ ಜಿನೀವಾಗೆ ಕರೆದೊಯ್ದರು, ಹೆಚ್ಚೇನೂ ಗುಣ ಕಾಣಲಿಲ್ಲ. ಸಭೆಗಳಿಗೆ ಓಡಾಡಲಾರದ ಬಿಷಪ್ ಆ ಹೆಸರು ಇಟ್ಟುಕೊಳ್ಳಬಾರದೆಂದು 1883ರಲ್ಲಿ ರಾಜೀನಾಮೆ ಕೊಟ್ಟರು. ತಮ್ಮಾ, ಈ ಜಾಗದಲ್ಲಿ ಸ್ವಲ್ಪ ನಿಲ್ಲು. ಪದವಿ ಹೋದ ದಿನವೇ ಬಾಳು ಮುಗಿಯಿತೆಂದು ಬಗೆಯುವವರನ್ನು ನಾವು ಎಷ್ಟು ಜನ ನೋಡಿಲ್ಲ? ಇವರು ಪದವಿಯನ್ನು ಎರಡನೇ ಮಾತಿಲ್ಲದೆ ಬಿಟ್ಟರು, ಕೆಲಸವನ್ನು ಮಾತ್ರ ಬಿಡಲಿಲ್ಲ. ಅಲ್ಲಿಂದ ಮುಂದೆ ಬದುಕಿದ್ದು ಇಪ್ಪತ್ತಮೂರು ವರ್ಷ. ಅವರ ಬಹುದೊಡ್ಡ ಕೆಲಸ ಆದದ್ದು ಆ ವರ್ಷಗಳಲ್ಲಿ.

1886ರಲ್ಲಿ ಅಮೆರಿಕಕ್ಕೆ ಮರಳಿ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ನೆಲೆಸಿದರು. ಪೆನ್ನು ಹಿಡಿಯಲು ಆಗದ ಕೈ. ಬಲಗೈಯ ನಡುಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಮುಂದೆ ಒಂದು ಟೈಪ್‌ರೈಟರ್, ಪಕ್ಕದಲ್ಲಿ ಹೀಬ್ರೂ ಮೂಲ. ಆ ಒಂದು ಬೆರಳಿನಿಂದ ಒಂದೊಂದೇ ಕೀಲಿ ಒತ್ತಿ ಚೀನೀ ಮಾತನ್ನು ರೋಮನ್ ಅಕ್ಷರದಲ್ಲಿ ಮೂಡಿಸುವುದು. ಚೀನೀಯಲ್ಲಿ ಒಂದೇ ಉಚ್ಚಾರಕ್ಕೆ ಹಲವಾರು ಅಕ್ಷರಗಳು. ರೋಮನ್‌ನಲ್ಲಿ ಬರೆದದ್ದರಿಂದ ಸರಿಯಾದ ಅಕ್ಷರ ಯಾವುದೆಂದು ತಿಳಿದು ಲಿಪಿಕಾರರು ಮತ್ತೆ ಬರೆಯಬೇಕು. ಹೀಗೆ ಅವರು ಟೈಪ್ ಮಾಡಿದ್ದು ಸುಮಾರು 2000 ಪುಟ. ಈ ಸಲ ಕೈಗೆತ್ತಿಕೊಂಡದ್ದು ಸರಳ ವೆನ್ಲಿ, ಅಂದರೆ ಪ್ರಾಂತ್ಯ ಪ್ರಾಂತ್ಯಕ್ಕೆ ಆಡುಮಾತು ಬದಲಾದರೂ ಓದುಬರಹ ಬಲ್ಲವರು ಎಲ್ಲೆಡೆ ಓದಬಲ್ಲ, ಸಲೀಸು ಮಾಡಿದ ಗ್ರಂಥಭಾಷೆ.

ಹೆಂಡತಿ ಸೂಸನ್ ವೇರಿಂಗ್ ಅವರನ್ನು ನೆನೆಯದೆ ಈ ಮಾತು ಮುಂದೆ ಹೋಗಬಾರದು. 1868ರಲ್ಲಿ ಮದುವೆಯಾದವರು, ಕೊನೆಯವರೆಗೂ ಜೊತೆಗಿದ್ದರು. ಕೂರಿಸುವುದಕ್ಕೆ, ಏಳಿಸುವುದಕ್ಕೆ ಇನ್ನೊಬ್ಬರು ಬೇಕಾದ ಮನುಷ್ಯ ವರ್ಷಾನುಗಟ್ಟಲೆ ಪುಟ ತುಂಬಿಸಿದರೆ ಆ ಪುಟಗಳಲ್ಲಿ ಆಕೆಯ ಪಾಲೂ ಇದೆ. ಅಕ್ಷರ ತಿದ್ದಿ ಬರೆದ ಲಿಪಿಕಾರರ ಪಾಲೂ ಇದೆ. ಅವರ ಹೆಸರುಗಳನ್ನು ನಮ್ಮ ಪ್ರಸಂಗಗಳಲ್ಲಿ ಯಾರೂ ಹೇಳುವುದಿಲ್ಲ, ಅದು ನನಗೆ ನೋವಿನ ಸಂಗತಿ. ನೀನು ಮುಂದೆ ಏನು ಬರೆದರೂ, ಏನು ಕಟ್ಟಿದರೂ, ಕೈಜೋಡಿಸಿದವರ ಹೆಸರನ್ನು ಮೊದಲು ಬರೆದಿಡು.

ಸ್ವಾಧೀನ ತಪ್ಪಿದ ಆ ಮೈಯಲ್ಲೇ ಶೆರೆಶೆವ್ಸ್ಕಿ 1895ರಲ್ಲಿ ಮತ್ತೆ ಸಮುದ್ರ ದಾಟಿ ಶಾಂಘೈಗೆ ಬಂದರು. 1897ರಲ್ಲಿ ಅಚ್ಚಿನ ಕೆಲಸಕ್ಕಾಗಿ ಟೋಕಿಯೋಗೆ ಹೋದರು. 1902ರಲ್ಲಿ ವೆನ್ಲಿ ಬೈಬಲ್ ಪೂರ್ತಿಯಾಗಿ ಅಚ್ಚಾಯಿತು. 1906ರ ಅಕ್ಟೋಬರ್ 15ರಂದು ಟೋಕಿಯೋದಲ್ಲೇ ತೀರಿಕೊಂಡರು, ಅಲ್ಲಿನ ಅಓಯಾಮಾ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಅವರ ವೆನ್ಲಿ ಬೈಬಲ್ ಅನ್ನು ಈಗ ಓದುವವರು ತೀರ ಕಡಿಮೆ. 1919ರಲ್ಲಿ ಯೂನಿಯನ್ ವರ್ಷನ್ ಎಂಬ ಮ್ಯಾಂಡರಿನ್ ಅನುವಾದ ಬಂತು, ಚೀನೀ ಸಭೆಗಳು ಅದನ್ನೇ ಅಪ್ಪಿಕೊಂಡವು. ಆ ಅನುವಾದಕರ ಮುಂದೆ ಶೆರೆಶೆವ್ಸ್ಕಿಯವರ ಮ್ಯಾಂಡರಿನ್ ಹಳೇ ಒಡಂಬಡಿಕೆ ಇತ್ತು. ಶೆರೆಶೆವ್ಸ್ಕಿ ಹದಮಾಡಿದ ನೆಲದಲ್ಲಿ ಆ ಅನುವಾದಕರು ಬೆಳೆ ತೆಗೆದರು. ನಮ್ಮ ಕೆಲಸಕ್ಕೂ ಇಂಥ ದಿನ ಬರುತ್ತದೆ. ಅದಕ್ಕೆ ಹೆದರಿ ಕೆಲಸವನ್ನು ಅರೆಮನಸ್ಸಿನಿಂದ ಮಾಡಬೇಡ.

ಹೀಬ್ರೂ ಪರೀಕ್ಷೆಗೆ ಬೇಕಾದಷ್ಟು ಓದಿದರೆ ಸಾಕು ಎಂದು ನೀನು ಕಳೆದ ಸಲ ಹೇಳಿದೆ. ಸಾಲದು, ತಮ್ಮಾ. ನನ್ನ ಹಳೆಯ ವ್ಯಾಕರಣ ಪುಸ್ತಕ ತೆಗೆದಿಟ್ಟಿದ್ದೇನೆ. ಭಾನುವಾರ ಆರಾಧನೆ ಮುಗಿಸಿ ನೇರ ಮನೆಗೆ ಬಾ, ಊಟ ಮಾಡಿ ರೂತಳ ಪುಸ್ತಕದಿಂದ ಶುರು ಮಾಡೋಣ.